ಮಲ್ನಾಡ್ ಮಳೆಗೆ ಬಣ್ಣ ಬಿಡದ ಗಿಡ ಯಾವ್ದು? ಕ್ರೋಟನ್, ಡುರಾಂಟಾ, ಶೆಫ್ಲೆರಾ ಮೂರೂ ಬೆಳ್ಸಿ ನೋಡಿದ್ದು

ನಮ್ಮದು ಮೂಡಿಗೆರೆ ಕಡೆ, ಜೂನಲ್ಲಿ ಮಳೆ ಹಿಡೀತು ಅಂದ್ರೆ ವಾರಗಟ್ಲೆ ಬಿಸಿಲು ಕಾಣಲ್ಲ. ಹಾಗಾಗಿ ಬಣ್ಣದೆಲೆ ಗಿಡ ತರೋರು ನರ್ಸರಿಲಿ ಹೇಗೆ ಕಾಣ್ತಿದೆ ಅಂತ ನೋಡ್ಬೇಡಿ, ಆಗಸ್ಟಲ್ಲಿ ಹೇಗಿರುತ್ತೆ ಅಂತ ಕೇಳಿ. ನಾನು ಈ ಮೂರನ್ನೂ ಅಂಗಳದಲ್ಲಿಟ್ಟು ಮೂರು ಮಳೆಗಾಲ ನೋಡಿದೀನಿ.

ಕ್ರೋಟನ್ ಅಂದ್ರೆ ನಮ್ಮ ಅತ್ತೆಗೆ ಪ್ರಾಣ. ಬಿಸಿಲಿದ್ದಾಗ ಆ ಕೆಂಪು ಹಳದಿ ಮುಂದೆ ಬೇರೆ ಯಾವ್ದೂ ನಿಲ್ಲಲ್ಲ, ಆದ್ರೆ ಬಣ್ಣ ಬರೋದೇ ಬೆಳಕಿಂದ, ಮೋಡ ಕವಿದು ಕೂತ್ರೆ ಬರೋ ಚಿಗುರೆಲ್ಲ ಬರೀ ಹಸಿರು. ಜಾಗ ಬದಲಾಯಿಸಿದ್ರೆ ಎಲೆ ಉದುರಿಸ್ಕೊಂಡು ಕೋಲಾಗಿ ನಿಲ್ಲುತ್ತೆ, ಡಿಸೆಂಬರ್ ಚಳಿಗೂ ಹಾಗೇ. ಕತ್ತರಿಸುವಾಗ ಸೊನೆ ಬಟ್ಟೆಗೆ ತಾಗಿದ್ರೆ ಕಲೆ ಹೋಗಲ್ಲ, ಹುಷಾರು.

ವೆರಿಗೇಟೆಡ್ (ಎಲೇಲಿ ಎರಡು ಬಣ್ಣ ಬೆರೆತಿರೋ) ಡುರಾಂಟಾ ಬೇಲಿಗೆ ಚೆನ್ನಾಗಿದೆ, ಬೇಗ ಬೆಳೆಯುತ್ತೆ, ನೇರಳೆ ಹೂವಿಗೆ ಚಿಟ್ಟೆನೂ ಬರುತ್ತೆ. ಮುಳ್ಳಿರುತ್ತೆ, ಹಳದಿ ಹಣ್ಣು ವಿಷ, ಚಿಕ್ಕ ಮಕ್ಕಳಿರೋ ಮನೇಲಿ ಬೇಡ.

ನನ್ನ ಓಟು ಶೆಫ್ಲೆರಾಕ್ಕೆ. ಸಿಲ್ವರ್ ಓಕ್ ಮರದ ಅರೆನೆರಳಲ್ಲಿ ನೆಟ್ಟಿದ್ದೆ, ಕೈ ಬೆರಳು ಬಿಚ್ಚಿದ ಹಾಗಿರೋ ಎಲೆ ಮೇಲೆ ಆ ಹಳದಿ ಮಚ್ಚೆ ಜಡಿಮಳೆಲೂ ಹಾಗೇ ಇತ್ತು. ಆದ್ರೆ ನೀರು ನಿಂತ್ರೆ ಬೇರು ಕೊಳೆಯುತ್ತೆ, ಮೊದಲ್ನೇ ಗಿಡ ಹೋಗಿದ್ದೇ ಹಾಗೆ, ಎರಡನೇದನ್ನ ಮಣ್ಣು ಏರಿಸಿ ದಿಬ್ಬದ ಮೇಲೆ ನೆಟ್ಟೆ, ಕೆಮ್ಮಣ್ಣಿಗೆ ಮರಳು, ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ ಗೊಬ್ಬರ ಸೇರಿಸಿ. ಮಾರ್ಚಲ್ಲಿ ಇರುವೆ ಸಾಲು ಹತ್ತೋದು ಕಂಡ್ರೆ ಎಲೆ ಮಗುಚಿ ನೋಡಿ, ನಡುನರದ ಪಕ್ಕ ಗಾಯದ ಕಂದು ಹಕ್ಕಳೆ ಥರ ಅಂಟ್ಕೊಂಡಿರುತ್ತೆ, ಅದು ಎಲೆ ರಸ ಹೀರೋ ಶಲ್ಕ ಕೀಟ (ಸ್ಕೇಲ್), ಕೆಳಗಿನ ಎಲೆಯೆಲ್ಲ ಜಿಗುಟಾಗಿ ಆಮೇಲೆ ಮಸಿ ಹಿಡಿಯುತ್ತೆ. ಸೋಪಿನ ನೀರಿಗೆ ಬೇವಿನೆಣ್ಣೆ ಕಲ್ಸಿ ಸಂಜೆ ಹೊತ್ತು ಬಟ್ಟೇಲಿ ಒರೆಸಿದ್ರೆ ಹೋಗುತ್ತೆ, ವಾರ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು.

ಡುರಾಂಟಾ, ಶೆಫ್ಲೆರಾ ಎರಡರಲ್ಲೂ ಒಂದೊಂದ್ಸಲ ಪೂರ್ತಿ ಹಸಿರು ಕೊಂಬೆ ಏಳುತ್ತೆ. ಚೆನ್ನಾಗಿ ಬರ್ತಿದೆ ಅಂತ ಬಿಡ್ಬೇಡಿ, ಅದ್ರಲ್ಲಿ ಪತ್ರಹರಿತ್ತು ಜಾಸ್ತಿ, ಊಟ ಜಾಸ್ತಿ ಮಾಡ್ಕೊಳ್ಳುತ್ತೆ, ಬಣ್ಣದ ಕೊಂಬೆನ ಮೀರಿ ಬೆಳ್ದು ಕೊನೆಗೆ ಗಿಡಾನೇ ಹಸಿರಾಗುತ್ತೆ. ತುದಿ ಚಿವುಟಿದ್ರೆ ಸಾಲ್ದು, ಆ ಕೊಂಬೇನ ಬುಡದಿಂದ್ಲೇ ತೆಗೀಬೇಕು. ನನ್ನ ಡುರಾಂಟಾ ಬೇಲಿ ಅರ್ಧ ಹಸಿರಾಗಿದ್ದು ಒಂದು ಮಳೆಗಾಲ ಕತ್ತರಿ ಹಿಡೀದೆ ಬಿಟ್ಟಿದ್ದಕ್ಕೆ.

ಈ ಸಲ ಶೆಫ್ಲೆರಾದ್ದೇ ನಾಲ್ಕು ಕಟಿಂಗ್ ಹಾಕಿದೀನಿ, ಮಚ್ಚೆ ಚೆನ್ನಾಗಿರೋ ಕೊಂಬೆ ಆರ್ಸಿ. ಕ್ರೋಟನ್ ಅತ್ತೆಗೋಸ್ಕರ ಪಾಟಲ್ಲಿದೆ, ಬಿಸಿಲು ಬೀಳೋ ಜಗಲಿ ತುದೀಲಿ.