ಸಿಮೆಂಟ್ ಕೊಳವೆಗೆ ಪಿಂಚ್ ವಾಲ್ವ್: ಬಳಸಿದ ಮೇಲಿನ ಅಭಿಪ್ರಾಯ

ಟ್ಯಾಂಕರಿನಿಂದ ಸಿಲೋಗೆ (ಸಿಮೆಂಟ್ ಕೂಡಿಡುವ ಎತ್ತರದ ಕಣಜಕ್ಕೆ) ಸಿಮೆಂಟ್ ಏರಿಸುವ ನಮ್ಮ ನಾಲ್ಕು ಅಂಗುಲದ ಕೊಳವೆಯಲ್ಲಿ ಮೊದಲು ಬಟರ್‌ಫ್ಲೈ ವಾಲ್ವ್ ಇತ್ತು. ಅದರ ತಟ್ಟೆ ತೆರೆದಾಗಲೂ ಹರಿವಿನ ನಡುವೆಯೇ ನಿಲ್ಲುವುದರಿಂದ, ಗಾಳಿಯೊಂದಿಗೆ ನುಗ್ಗುವ ಸಿಮೆಂಟ್ ಅದರ ಅಂಚನ್ನು ಸವೆಸುತ್ತಿತ್ತು. ತಟ್ಟೆಯನ್ನು ತಿರುಗಿಸುವ ಶಾಫ್ಟಿನ ಸಂದಿಗೆ ಹೊಕ್ಕ ಪುಡಿ ತೇವ ತಾಗಿ ಕಲ್ಲಾಗುತ್ತಿತ್ತು. ಕೊನೆಕೊನೆಗೆ ಹಿಡಿಕೆಗೆ ಪೈಪ್ ತುಂಡು ಸಿಕ್ಕಿಸಿ, ಇಬ್ಬರು ಸೇರಿ ತಿರುಗಿಸಬೇಕಾಗುತ್ತಿತ್ತು. ಅದನ್ನು ತೆಗೆದು ಗಾಳಿಯಿಂದ ನಡೆಯುವ ಪಿಂಚ್ ವಾಲ್ವ್ ಹಾಕಿದ ಮೇಲೆ ಈ ಪಾಡು ತಪ್ಪಿದೆ.

ಇದರ ರಚನೆ ತೀರ ಸರಳ. ಲೋಹದ ಕವಚದೊಳಗೆ ದಪ್ಪನೆಯ ರಬ್ಬರ್ ಸ್ಲೀವ್, ಅಂದರೆ ಮೆತ್ತನೆಯ ಒಳಕೊಳವೆ ಇರುತ್ತದೆ. ಇವೆರಡರ ನಡುವೆ ಗಾಳಿ ತುಂಬಿದರೆ ಸ್ಲೀವ್ ಎರಡು ತುಟಿಗಳಂತೆ ಕೂಡಿಕೊಳ್ಳುತ್ತದೆ, ಗಾಳಿ ಬಿಟ್ಟರೆ ದಾರಿ ಪೂರ್ತಿ ತೆರೆದುಕೊಳ್ಳುತ್ತದೆ. ಮುಚ್ಚುವಾಗ ನಡುವೆ ಸಿಕ್ಕಿದ ಕಾಳನ್ನು ಲೋಹದ ವಾಲ್ವ್ ಜಜ್ಜಲು ಹೋಗಿ ತಾನೇ ಗೀರು ಬೀಳಿಸಿಕೊಂಡರೆ, ಇಲ್ಲಿ ರಬ್ಬರು ಅದನ್ನು ಸುತ್ತಲೂ ಅಪ್ಪಿ ಸೋರಿಕೆ ತಡೆಯುತ್ತದೆ. ಸಿಮೆಂಟಿಗಷ್ಟೇ ಅಲ್ಲ, ಹಾರುಬೂದಿ, ಸುಣ್ಣದ ಪುಡಿ, ಪ್ಲಾಸ್ಟಿಕ್ ಹರಳುಗಳಿಗೂ ಇದು ಒಪ್ಪುತ್ತದೆ. ಪ್ರತಿ ಸಲ ಮಡಚಿ ಬಿಚ್ಚುವಾಗ ಒಳಗೆ ಅಂಟಿದ ತೆಳುಪದರ ತಾನಾಗಿಯೇ ಉದುರುವುದು ನನಗೆ ಬಹಳ ಹಿಡಿಸಿದ ಗುಣ.

ಆದರೆ ಸ್ಲೀವನ್ನು ಜೋಪಾನ ಮಾಡದಿದ್ದರೆ ಈ ವಾಲ್ವಿನಲ್ಲಿ ಉಳಿಯುವುದು ಬರಿಯ ಕವಚ. ಬಿಗಿಯಾಗಿ ಮುಚ್ಚಲಿ ಎಂದು ನಾವು ಕಂಪ್ರೆಸರಿನ ಒತ್ತಡವನ್ನು ಕಡಿಮೆ ಮಾಡದೆ ನೇರವಾಗಿ ಕೊಟ್ಟಿದ್ದೆವು. ಮಾರಿದವರೂ ಈ ಬಗ್ಗೆ ಎಚ್ಚರಿಸಿರಲಿಲ್ಲ. ಕೆಲವೇ ತಿಂಗಳಲ್ಲಿ ಹರಿದ ಸ್ಲೀವನ್ನು ಹೊರತೆಗೆದು ನೋಡಿದಾಗ, ನಡುಭಾಗ ಹೊಸದರಂತೆಯೇ ಇದ್ದು, ಮಡಿಕೆ ಬೀಳುವ ಎರಡು ಮೂಲೆಗಳಲ್ಲಿ ಮಾತ್ರ ಉದ್ದುದ್ದ ಸೀಳಿತ್ತು. ಸಾಮಾನ್ಯವಾಗಿ ಕೊಳವೆಯೊಳಗಿನ ಒತ್ತಡಕ್ಕಿಂತ 2ರಿಂದ 3 ಬಾರ್ ಹೆಚ್ಚು ಕೊಟ್ಟರೆ ಸಾಕು. ಈಗ ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಅಳವಡಿಸಿದ್ದೇವೆ, ಗಾಳಿಯನ್ನು ಸೋಸಿ ನೀರು ಮತ್ತು ಎಣ್ಣೆಯನ್ನು ಬೇರ್ಪಡಿಸುತ್ತೇವೆ. ಏಕೆಂದರೆ ಎಣ್ಣೆ ಸೋಕಿದ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಉಜ್ಜಾಟಕ್ಕೆ ಅದು ಚೆನ್ನಾಗಿ ತಡೆಯುತ್ತದೆ, ಬಿಸಿಗೆ ಮಾತ್ರ ತಡೆಯದು. ಗಿರಣಿಯಿಂದ ಆಗತಾನೇ ಬಂದ ಬಿಸಿ ಸಿಮೆಂಟಾದರೆ ಬಿಸಿ ತಡೆಯುವ ಇಪಿಡಿಎಂನಂಥ ಕೃತಕ ರಬ್ಬರನ್ನು ವಿಚಾರಿಸಬೇಕು.

ಕೊಳ್ಳುವವರು ಇನ್ನೊಂದು ವಿಷಯವನ್ನು ಮೊದಲೇ ಯೋಚಿಸಿರಬೇಕು. ಗಾಳಿಯ ಪೂರೈಕೆ ನಿಂತರೆ ಈ ಬಗೆಯ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ, ತೆರೆದುಕೊಳ್ಳುತ್ತದೆ. ಸಿಲೋ ತುಂಬಿದಾಗ ಹರಿವು ನಿಲ್ಲಿಸುವ ಹೊಣೆಯನ್ನು ಇದಕ್ಕೇ ವಹಿಸಿದ್ದರೆ, ಇದಕ್ಕೆಂದೇ ಒಂದು ಚಿಕ್ಕ ಗಾಳಿ ಟ್ಯಾಂಕನ್ನು ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಸಮೇತ ಇಡುವುದು ಅಗತ್ಯ. ಮುಚ್ಚಿದ ಸ್ಥಿತಿಯಲ್ಲಿ ಗಾಳಿ ಸುಯ್ಯೆಂದು ಸೋರುವ ಸದ್ದು ಕೇಳಿದರೆ ಸ್ಲೀವ್ ತೂತಾಗಿರಬಹುದೆಂದು ಶಂಕಿಸಿ, ಅಂದೇ ಕಳಚಿ ನೋಡಬೇಕು. ಬದಲಿ ಸ್ಲೀವೊಂದನ್ನು ನಾವು ಬಿಸಿಲು ತಾಗದ ಕಪಾಟಿನಲ್ಲಿ ಮಡಚದೆ ಇಟ್ಟಿರುತ್ತೇವೆ.