ಐದು ಸಾವಿರದ ಡ್ಯಾಶ್‌ಕ್ಯಾಮ್: ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು

ಡ್ಯಾಶ್‌ಕ್ಯಾಮ್ (ಕಾರಿನ ಮುಂದಿನ ಗಾಜಿಗೆ ಅಂಟಿಸಿ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸಿಕೊಂಡ ಅನೇಕರಿಗೆ ಅದು ರೆಕಾರ್ಡ್ ಮಾಡುವುದನ್ನು ಯಾವತ್ತೋ ನಿಲ್ಲಿಸಿದೆ ಎಂದು ಗೊತ್ತಾಗುವುದೇ ಯಾರೋ ಬಂದು ಗುದ್ದಿದ ದಿನ. ಕಾರ್ಡ್ ಸತ್ತಿರುತ್ತದೆ, ಬಿಸಿಲಿಗೆ ಒಳಗಿನ ಬ್ಯಾಟರಿ ಉಬ್ಬಿರುತ್ತದೆ, ಇಲ್ಲವೇ ಸಾಕೆಟ್ಟಿನಲ್ಲಿ ಚಾರ್ಜರ್ ಸಡಿಲವಾಗಿರುತ್ತದೆ. ರೆಸಲ್ಯೂಷನ್ ಕಡಿಮೆಯಾಗಿ ಕೈಕೊಟ್ಟದ್ದಕ್ಕಿಂತ ಈ ಮೂರರಿಂದ ಕೈಕೊಟ್ಟದ್ದೇ ಹೆಚ್ಚು. ಹಾಗಾಗಿ ಮೂರರಿಂದ ಐದಾರು ಸಾವಿರ ರೂಪಾಯಿಯ ಕ್ಯಾಮೆರಾಗಳನ್ನು ತೂಗಿ ನೋಡುವಾಗ ಡಬ್ಬದ ಮೇಲಿನ ದಪ್ಪ ಅಕ್ಷರ ಬಿಟ್ಟು ಒಳಗೇನಿದೆ ಎಂದು ಮೊದಲು ಕೇಳಬೇಕು.

ಬ್ಯಾಟರಿಯೋ, ಕೆಪಾಸಿಟರೋ

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಆಗ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟಿದರೆ ಆಶ್ಚರ್ಯವಿಲ್ಲ. ಗಾಜಿಗೆ ಅಂಟಿಕೊಂಡ ಕ್ಯಾಮೆರಾದ ಸ್ಥಿತಿಯೂ ಅದೇ. ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಉಬ್ಬಿ, ಪ್ಲಾಸ್ಟಿಕ್ ಕವಚದ ಸಂದು ಬಿಟ್ಟುಕೊಳ್ಳುತ್ತದೆ. ಅದಕ್ಕೇ ಬ್ಯಾಟರಿಯ ಬದಲು ಸೂಪರ್‌ಕೆಪಾಸಿಟರ್ ಇರುವುದನ್ನೇ ಕೊಳ್ಳಿ. ಕಾರು ಆಫ್ ಆದ ಮೇಲೆ ಇದು ಕೆಲವೇ ಸೆಕೆಂಡು ಕರೆಂಟು ಕೊಡುತ್ತದೆ, ಕೊನೆಯ ಫೈಲನ್ನು ಸರಿಯಾಗಿ ಮುಚ್ಚುವುದಕ್ಕೆ ಅಷ್ಟು ಸಾಕು. ವೈರ್ ಕಿತ್ತ ಕೂಡಲೇ ಆಫ್ ಆಗುತ್ತದೆ ಎಂದು ಒಂದು ಸ್ಟಾರ್ ಕೊಟ್ಟು ಬೈದಿರುವ ವಿಮರ್ಶೆಗಳು ಆನ್‌ಲೈನ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆ ಕ್ಯಾಮೆರಾ ಇರಬೇಕಾದದ್ದೇ ಹಾಗೆ.

ನಂಬರ್ ಪ್ಲೇಟ್ ಲೆಕ್ಕ

ಕಾರಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) 500 ಮಿ.ಮೀ. ಅಗಲ, ಅದರಲ್ಲಿ ಸಾಮಾನ್ಯವಾಗಿ ಹತ್ತು ಅಕ್ಷರ-ಅಂಕಿ. 140 ಡಿಗ್ರಿ ಲೆನ್ಸಿನ 1080ಪಿ (1920 ಪಿಕ್ಸೆಲ್ ಅಗಲದ) ಕ್ಯಾಮೆರಾದಲ್ಲಿ ಹತ್ತು ಮೀಟರ್ ದೂರದ ಪ್ಲೇಟಿಗೆ ಸಿಗುವುದು ಹೆಚ್ಚೂಕಡಿಮೆ 39 ಪಿಕ್ಸೆಲ್, ಅಂದರೆ ಒಂದೊಂದು ಅಕ್ಷರಕ್ಕೆ ನಾಲ್ಕೇ ನಾಲ್ಕು. ಅಷ್ಟರಲ್ಲಿ 3 ಯಾವುದು, 8 ಯಾವುದು ಹೇಳಲಾಗದು. 2560 ಪಿಕ್ಸೆಲ್ ಅಗಲದ 2ಕೆ ಕ್ಯಾಮೆರಾದಲ್ಲೂ ಅದು ಐದಕ್ಕೆ ಏರುತ್ತದೆ ಅಷ್ಟೇ. ಐದು ಮೀಟರಿಗೆ ಬಂದರೆ 1080ಪಿಯಲ್ಲಿ ಏಳೆಂಟು, 2ಕೆಯಲ್ಲಿ ಹತ್ತು. ಓದಬಹುದು ಎನ್ನುವುದು ಶುರುವಾಗುವುದು ಇಲ್ಲಿಂದ. 170 ಡಿಗ್ರಿ ಎಂದು ಹೊಗಳಿಕೊಳ್ಳುವ ಲೆನ್ಸು ಅದೇ ಪಿಕ್ಸೆಲ್‌ಗಳನ್ನು ಇನ್ನೂ ಅಗಲಕ್ಕೆ ಹರಡುವುದರಿಂದ ಪ್ಲೇಟ್ ಮತ್ತಷ್ಟು ಕಿರಿದಾಗುತ್ತದೆ. 130ರಿಂದ 140 ಡಿಗ್ರಿ ಸಾಕು.

ಮೂರು ಸಾವಿರಕ್ಕೆ 4ಕೆ ಎಂದು ಮಾರುವ ಹೆಸರಿಲ್ಲದ ಕ್ಯಾಮೆರಾಗಳ ಗುಟ್ಟು ಸೆನ್ಸರಿನಲ್ಲಿದೆ, ಅಂದರೆ ಚಿತ್ರ ಹಿಡಿಯುವ ಚಿಪ್ಪಿನಲ್ಲಿ. ನಿಜವಾದ 4ಕೆಗೆ 8 ಮೆಗಾಪಿಕ್ಸೆಲ್ ಸೆನ್ಸರ್ ಬೇಕು, ಸೋನಿಯ ಐಎಂಎಕ್ಸ್415 ಅಥವಾ 678 ತರಹದ್ದು. ಐಎಂಎಕ್ಸ್335 ಒಳ್ಳೆಯ ಸೆನ್ಸರೇ, ಆದರೆ 5 ಮೆಗಾಪಿಕ್ಸೆಲಿನದು. ಅದನ್ನಿಟ್ಟುಕೊಂಡು 4ಕೆ ಅಂದರೆ ಚಿತ್ರವನ್ನು ಎಳೆದು ಹಿಗ್ಗಿಸಿದ್ದಾರೆ ಎಂದರ್ಥ. ಸೆನ್ಸರಿನ ಹೆಸರನ್ನೇ ಹೇಳದವರ ಹತ್ತಿರ ಕೊಳ್ಳದಿರುವುದು ಒಳ್ಳೆಯದು.

ಯಾವುದು ಕೊಳ್ಳಬಹುದು

ಈ ಬೆಲೆಯಲ್ಲಿ ಮೊದಲ ಆಯ್ಕೆ ಡಿಡಿಪೈ ಮೋಲಾ ಎನ್3. 2560×1600, ಸೆಕೆಂಡಿಗೆ 30 ಫ್ರೇಮ್, ಸೂಪರ್‌ಕೆಪಾಸಿಟರ್. ಸ್ಕ್ರೀನ್ ಇಲ್ಲ, ಎಲ್ಲವೂ ಫೋನಿನ ಆ್ಯಪ್‌ನಲ್ಲಿ. ಹಗಲಿನ ಚಿತ್ರ ಬೆಲೆಗೆ ಮೀರಿದ್ದು. ರಾತ್ರಿ ನಿಂತ ಗಾಡಿಯ ಪ್ಲೇಟ್ ಸಿಗುತ್ತದೆ, ಎದುರಿಂದ ಬರುತ್ತಿರುವುದರದು ಸಿಗುವುದಿಲ್ಲ (ಈ ಬೆಲೆಯ ಯಾವುದರಲ್ಲೂ ಸಿಗುವುದಿಲ್ಲ). 70ಮಾಯ್ ಎಂ300 ಇನ್ನೂ ಚಿಕ್ಕದು, 2304×1296, ಇದಕ್ಕೂ ಸ್ಕ್ರೀನಿಲ್ಲ. ಕನ್ನಡಿ ಹಿಂದೆ ಇದೆಯೋ ಇಲ್ಲವೋ ತಿಳಿಯದಷ್ಟು ಸಣ್ಣದಾಗಿರಲಿ ಎನ್ನುವವರಿಗೆ ಸರಿ. ಹೀರೋ ಗ್ರೂಪಿನ ಕ್ಯೂಬೋದ 1080ಪಿ ಮಾದರಿಗಳು ಊರೊಳಗಿನ ಹಗಲು ಓಡಾಟಕ್ಕೆ ಸಾಕು, ಕಂಪನಿ ಇಲ್ಲಿಯದೇ ಎನ್ನುವುದು ವಾರಂಟಿ ಮಟ್ಟಿಗೆ ಅನುಕೂಲ.

ರಾತ್ರಿ ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರು ಹಣ ಕೂಡಿಸಿ ಹತ್ತು ಸಾವಿರದ ಮೇಲಿನ ವಯೋಫೋ ಎ119 ಮಿನಿ 2 ತರಹದ್ದಕ್ಕೆ ಹೋಗಬೇಕು. ಅದರ ಐಎಂಎಕ್ಸ್675 ಸೆನ್ಸರ್ ಸೋನಿಯ ಸ್ಟಾರ್ವಿಸ್ 2 ಪೀಳಿಗೆಯದು, ಕತ್ತಲಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅದರಲ್ಲಿ 5 ಗಿಗಾಹರ್ಟ್ಸ್ ವೈಫೈಯೂ ಇದೆ. ಅಗ್ಗದ ಕ್ಯಾಮೆರಾಗಳ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದು ನಿಮಿಷದ ವಿಡಿಯೋ ಫೋನಿಗೆ ಇಳಿಯಲು ಹೆಚ್ಚೂಕಡಿಮೆ ಒಂದು ನಿಮಿಷವೇ ಬೇಕು. ಕ್ಯಾಮೆರಾದ ವೈಫೈನಲ್ಲಿ ಇಂಟರ್ನೆಟ್ ಇಲ್ಲವಲ್ಲ, ಫೋನು ನಡುವೆ ಅದನ್ನು ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಆ್ಯಪ್ ಕನೆಕ್ಟ್ ಆಗುತ್ತಿಲ್ಲ ಎನ್ನುವ ದೂರಿಗೆ ಬಹುಪಾಲು ಇದೇ ಕಾರಣ. ಡೇಟಾ ಆಫ್ ಮಾಡಿ ಕನೆಕ್ಟ್ ಮಾಡಿ.

ಹಿಂದಿನ ಕ್ಯಾಮೆರಾ ಜೊತೆಗೇ ಬರುವ ಐದು ಸಾವಿರದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಸಾಧಾರಣ. ಅದೇ ಹಣಕ್ಕೆ ಮುಂದಿನದೊಂದೇ ಒಳ್ಳೆಯದು ಬರುತ್ತದೆ.

ಕಾರ್ಡ್: ಇಲ್ಲಿ ಜಿಪುಣತನ ಬೇಡ

2ಕೆ ವಿಡಿಯೋ ಸೆಕೆಂಡಿಗೆ ಸುಮಾರು 2 ಎಂಬಿ ಬರೆಯುತ್ತದೆ, ಗಂಟೆಗೆ ಏಳು ಜಿಬಿ. 64 ಜಿಬಿ ಕಾರ್ಡಿನಲ್ಲಿ ಎಂಟು ಗಂಟೆ. ದಿನಕ್ಕೆ ಎರಡು ಗಂಟೆ ಓಡಿಸಿದರೆ ನಾಲ್ಕು ದಿನಕ್ಕೊಮ್ಮೆ ಇಡೀ ಕಾರ್ಡ್ ಅಳಿಸಿ ಮತ್ತೆ ಬರೆದಂತೆ, ವರ್ಷಕ್ಕೆ ತೊಂಬತ್ತು ಸಲ, ಅದೂ ಆ ಬಿಸಿಲಲ್ಲಿ. ಫೋನಿಗೆ ಹಾಕುವ ಮಾಮೂಲಿ ಕಾರ್ಡ್ ಇದಕ್ಕೆ ಮಾಡಿದ್ದಲ್ಲ. ಎಷ್ಟೋ ಕಾರ್ಡುಗಳ ವಾರಂಟಿಯಲ್ಲೇ ಡ್ಯಾಶ್‌ಕ್ಯಾಮ್ ಬಳಕೆ ಸೇರುವುದಿಲ್ಲ ಎಂದು ಬರೆದಿರುತ್ತದೆ. ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ ಅಥವಾ ಸ್ಯಾಮ್‌ಸಂಗ್ ಪ್ರೊ ಎಂಡ್ಯೂರೆನ್ಸ್ ತೆಗೆದುಕೊಳ್ಳಿ. ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ 64 ಜಿಬಿಗೆ ಕಂಪನಿ ಹೇಳುವ ಆಯಸ್ಸು 5,000 ಗಂಟೆ, 128ಕ್ಕೆ 10,000. ಕ್ಯಾಮೆರಾ ಎಷ್ಟು ಜಿಬಿ ತನಕ ಒಪ್ಪುತ್ತದೆ ಎಂದು ಡಬ್ಬದಲ್ಲಿ ನೋಡಿಯೇ 128ಕ್ಕೆ ಹೋಗಿ. ನಕಲಿ ಕಾರ್ಡ್ ಧಾರಾಳವಾಗಿ ಸಿಗುವುದರಿಂದ ತಂದ ಕೂಡಲೇ ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಾಫ್ಟ್‌ವೇರಿನಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿ. ಆಮೇಲೆ ಕ್ಯಾಮೆರಾದ ಒಳಗೇ ಫಾರ್ಮ್ಯಾಟ್ ಮಾಡಿ, ಮುಂದೆ ತಿಂಗಳಿಗೊಮ್ಮೆ ಅದನ್ನೇ ಮಾಡಿ.

ಗಾಜಿಗೆ ಅಂಟಿಸುವುದು

ಜಾಗ: ಒಳಗಿನ ಕನ್ನಡಿಯ ಹಿಂದೆ, ಸ್ವಲ್ಪ ಎಡಕ್ಕೆ. ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು, ಆದರೆ ಲೆನ್ಸಿನ ಮುಂದಿನ ಗಾಜನ್ನು ವೈಪರ್ ಒರೆಸುವಂತಿರಬೇಕು. ಇಲ್ಲದಿದ್ದರೆ ಮಂಗಳೂರಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ನೀರಿನ ಹನಿಯ ವಿಡಿಯೋ. ಗಾಜಿನ ಮೇಲ್ಭಾಗದ ಹಸಿರು ಪಟ್ಟೆಯ ಹಿಂದೆ ಲೆನ್ಸ್ ಬಂದರೆ ಚಿತ್ರ ಮಂಕಾಗುತ್ತದೆ. ಕಪ್ಪು ಚುಕ್ಕೆಗಳ ಭಾಗದ ಮೇಲೆ ಅಂಟು ನಿಲ್ಲುವುದಿಲ್ಲ, ಒಂದು ಬೇಸಿಗೆಗೆ ಕಳಚಿ ಬೀಳುತ್ತದೆ. ಫಾಸ್ಟ್ಯಾಗ್ ಕೂಡ ಅಲ್ಲೇ ಸುತ್ತಮುತ್ತ ಇರುತ್ತದಲ್ಲ, ಅದರ ಮೇಲೆ ಕ್ಯಾಮೆರಾವಾಗಲಿ ವೈರಾಗಲಿ ಹಾಯಬಾರದು, ನಾಲ್ಕು ಬೆರಳಾದರೂ ದೂರವಿರಲಿ. ಅಡಾಸ್ (ಡ್ರೈವರಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಇರುವ ಕಾರುಗಳಲ್ಲಿ ಕಂಪನಿಯದೇ ಕ್ಯಾಮೆರಾ ಅಲ್ಲಿರುತ್ತದೆ. ಅದನ್ನೂ ಮಳೆ ಸೆನ್ಸರನ್ನೂ ಮುಚ್ಚಬಾರದು.

ಅಂಟಿಸುವ ಮುನ್ನ ವೈರ್ ಹಾಕಿ ಆನ್ ಮಾಡಿ, ಫೋನಿನಲ್ಲಿ ನೋಡುತ್ತಾ ಕೋನ ಗುರುತಿಸಿಕೊಳ್ಳಿ. ದಿಗಂತದ ಗೆರೆ ಚಿತ್ರದ ನಡುವಿಗಿಂತ ಒಂದು ಚೂರು ಮೇಲಿದ್ದರೆ ರಸ್ತೆ ಹೆಚ್ಚು ಕಾಣುತ್ತದೆ, ಆಕಾಶದ ಬೆಳಕಿಗೆ ಚಿತ್ರ ಕಪ್ಪಾಗುವುದೂ ತಪ್ಪುತ್ತದೆ. ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಡಬ್ಬದಲ್ಲಿ ಕೊಟ್ಟ ಪಾರದರ್ಶಕ ಫಿಲ್ಮ್ ಮೊದಲು ಗಾಜಿಗೆ, ಗಾಳಿಗುಳ್ಳೆ ಉಳಿಯದಂತೆ. ಅದರ ಮೇಲೆ ಟೇಪಿನ ಬುಡವನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಮೆರಾ ಬುಡದಿಂದ ಬಿಚ್ಚಿ ಬರುವಂಥದ್ದಾದರೆ ಒಂದು ದಿನ ಬಿಟ್ಟು ಸಿಕ್ಕಿಸಿ.

ವೈರು ಎಳೆಯುವುದು

ಸಾಮಾನ್ಯವಾಗಿ ಮೂರು ಮೀಟರಿಗಿಂತ ಉದ್ದದ ವೈರ್ ಬರುತ್ತದೆ, ಸಣ್ಣ ಕಾರಿಗೆ ಮಿಗುತ್ತದೆ. ಕ್ಯಾಮೆರಾದಿಂದ ರೂಫ್ ಲೈನಿಂಗಿನ ಅಂಚಿನೊಳಗೆ ಪ್ಲಾಸ್ಟಿಕ್ ಪಟ್ಟಿಯಿಂದ ತುರುಕುತ್ತಾ ಎಡಮೂಲೆಗೆ ಬನ್ನಿ (ಸ್ಕ್ರೂಡ್ರೈವರ್ ಬಳಸಿದರೆ ಬಟ್ಟೆ ಹರಿಯುತ್ತದೆ). ಮುಂದಿನದು ಎ-ಪಿಲ್ಲರ್, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬ. ಅಲ್ಲಿ ಏರ್‌ಬ್ಯಾಗ್ ಎಂದು ಬರೆದಿದ್ದರೆ ಕೈ ತಡೆಯಿರಿ. ಪಿಲ್ಲರಿನ ಪ್ಲಾಸ್ಟಿಕ್ ಕಿತ್ತು ವೈರನ್ನು ಏರ್‌ಬ್ಯಾಗಿನ ಮುಂದೆ ಹಾಯಿಸಿದರೆ, ಅದು ಬಿಚ್ಚುವಾಗ ವೈರ್ ಅಡ್ಡ ಬರುತ್ತದೆ. ಆರು ಏರ್‌ಬ್ಯಾಗ್ ಈಗ ಸಣ್ಣ ಕಾರುಗಳಿಗೂ ಬಂದಿರುವುದರಿಂದ ಇದನ್ನು ಅಂಗಡಿಯವನಿಗೂ ಬಾಯಿಬಿಟ್ಟು ಹೇಳಬೇಕು. ಪಿಲ್ಲರ್ ಬಿಚ್ಚದೆ ಬಾಗಿಲಿನ ರಬ್ಬರ್ ಬೀಡಿಂಗ್ ಸಡಿಲಿಸಿ, ಅದರೊಳಗೆ ವೈರ್ ಕೂರಿಸಿ ಕೆಳಗಿಳಿಸುವುದು ಸುಲಭ, ಸುರಕ್ಷಿತ. ಅಲ್ಲಿಂದ ಗ್ಲೋವ್ ಬಾಕ್ಸಿನ ಅಡಿಯಲ್ಲಿ ಸಾಕೆಟ್ಟಿಗೆ. ಮಿಕ್ಕ ವೈರನ್ನು ಸುತ್ತಿ ಕೇಬಲ್ ಟೈ ಹಾಕಿ ಗ್ಲೋವ್ ಬಾಕ್ಸಿನ ಹಿಂದೆ ಕಟ್ಟಿ. ಡ್ರೈವರ್ ಪೆಡಲ್ ಕಡೆಗೆ ಬೇಡವೇ ಬೇಡ.

ಚಾರ್ಜರ್ ಡಬ್ಬದಲ್ಲಿ ಬಂದದ್ದೇ ಇರಲಿ. ನೂರು ರೂಪಾಯಿಯ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ಕ್ಯಾಮೆರಾ ಆಗಾಗ ರೀಸ್ಟಾರ್ಟ್ ಆಗುತ್ತದೆ, ಎಫ್‌ಎಂನಲ್ಲಿ ಗೊರಗೊರ ಬೇರೆ. ಕೆಲವು ಕಾರುಗಳ ಸಾಕೆಟ್ಟಿಗೆ ಕೀ ತೆಗೆದರೂ ಕರೆಂಟು ಇರುತ್ತದೆ. ಕೀ ತೆಗೆದು ಹತ್ತು ನಿಮಿಷ ಬಿಟ್ಟು ಕ್ಯಾಮೆರಾದ ದೀಪ ನೋಡಿ.

ಪಾರ್ಕಿಂಗ್ ಮೋಡ್ ಬೇಕಾದರೆ

ನಿಂತ ಕಾರಿಗೂ ಕಾವಲು ಬೇಕೆಂದರೆ ಕ್ಯಾಮೆರಾಕ್ಕೆ ನೇರವಾಗಿ ಫ್ಯೂಸ್ ಬಾಕ್ಸಿನಿಂದ ಕರೆಂಟು ಕೊಡುವ ಹಾರ್ಡ್‌ವೈರ್ ಕಿಟ್ ಬೇಕು. ಅದರಲ್ಲಿ ಮೂರು ವೈರ್: ಸದಾ ಕರೆಂಟು ಇರುವ ಫ್ಯೂಸಿಗೆ ಒಂದು, ಕೀ ತಿರುಗಿಸಿದಾಗ ಮಾತ್ರ ಬರುವ ಫ್ಯೂಸಿಗೆ ಒಂದು, ಬಾಡಿಯ ಬೋಲ್ಟಿಗೆ ಅರ್ಥಿಂಗ್ ಒಂದು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕಿಟ್ಟಿನ ಚೀಟಿ ಓದಿಯೇ ಹಾಕಿ. ವೈರ್ ಸುಲಿದು ಜಾಯಿಂಟ್ ಹಾಕುವ ಅಂಗಡಿಗಳಿಂದ ದೂರವಿರಿ, ಕಾರಿನ ಎಲೆಕ್ಟ್ರಿಕಲ್ ವಾರಂಟಿ ಹೋಗಬಹುದು. ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲೇ ಸಿಕ್ಕಿಸಿ ಇನ್ನೊಂದು ವೈರಿಗೆ ಕರೆಂಟು ಕೊಡುವ ಪಿನ್ನು) ಹಾಕಿದರೆ ಏನನ್ನೂ ಕತ್ತರಿಸಬೇಕಿಲ್ಲ. ಟ್ಯಾಪಿನಲ್ಲೂ ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೊ 2 ಎಂಬ ಅಳತೆಗಳಿವೆ. ನಿಮ್ಮ ಕಾರಿನ ಒಂದು ಫ್ಯೂಸ್ ಕಿತ್ತು ಅಂಗಡಿಗೆ ಒಯ್ದು ಹೋಲಿಸಿ ತನ್ನಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಹಳೆಯ ಫ್ಯೂಸನ್ನು ಟ್ಯಾಪಿನ ಒಂದು ಖಾನೆಗೆ, ಕ್ಯಾಮೆರಾದ 2 ಅಥವಾ 3 ಆಂಪಿಯರ್ ಫ್ಯೂಸನ್ನು ಇನ್ನೊಂದಕ್ಕೆ ಹಾಕಿ. ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಫ್ಯೂಸುಗಳನ್ನು ಮುಟ್ಟಬೇಡಿ. ಸಾಕೆಟ್ಟಿನದೋ ಆಡಿಯೋದ್ದೋ ಆರಿಸಿಕೊಳ್ಳಿ.

ಬ್ಯಾಟರಿ ಲೆಕ್ಕ ಹೀಗೆ. ಕ್ಯಾಮೆರಾ ನಾಲ್ಕು ವಾಟ್ ಎಳೆದರೆ 12 ವೋಲ್ಟಿನಲ್ಲಿ ಸುಮಾರು 0.33 ಆಂಪಿಯರ್, ಹತ್ತು ಗಂಟೆಗೆ 3.3 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೆ ಅಂಜುವುದಿಲ್ಲ, ಎರಡು ದಿನ ನಿಂತರೆ ಅರ್ಧಕ್ಕೆ ಬರುತ್ತದೆ. ಮೂರು ವರ್ಷ ಹಳೆಯದಾದರೆ ಬೆಳಿಗ್ಗೆ ತಳ್ಳುವ ಜನ ಹುಡುಕಬೇಕಾದೀತು. ಕಿಟ್ಟಿನ ಕಟ್ಆಫ್ ಅನ್ನು (ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿದಾಗ ಕ್ಯಾಮೆರಾ ಆಫ್ ಆಗಬೇಕು ಎನ್ನುವುದು) 12.0ಗೆ ಬಿಡದೆ 12.4 ವೋಲ್ಟಿಗೆ ಇಡಿ. ಆವರಣದೊಳಗೆ ಕಾರು ನಿಲ್ಲಿಸುವವರಿಗೆ ಈ ಕಿಟ್ಟಿನ ಗೊಡವೆಯೇ ಬೇಕಿಲ್ಲ.

ಸೆಟ್ಟಿಂಗ್

ಕುಲುಕಾಟ ಗುರುತಿಸುವ ಜಿ-ಸೆನ್ಸರ್ ‘ಲೋ’ ಇರಲಿ. ಹೈ ಇಟ್ಟರೆ ನಮ್ಮ ಹಂಪು, ಗುಂಡಿ ಎಲ್ಲವೂ ಅಪಘಾತ ಎಂದೇ ದಾಖಲಾಗಿ ಆ ಫೈಲ್‌ಗಳು ಲಾಕ್ ಆಗುತ್ತವೆ. ಲಾಕ್ ಆದದ್ದು ತಾನಾಗಿ ಅಳಿಯದೆ ಜಾಗ ತಿನ್ನುತ್ತದೆ. ದೀಪಗಳ ಮಿನುಗು ತಡೆಯುವ ಆಂಟಿ-ಫ್ಲಿಕರ್ 50 ಹರ್ಟ್ಸ್. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಮೈನಸ್ 0.3 ಅಥವಾ 0.7: ಎಚ್‌ಎಸ್‌ಆರ್‌ಪಿ ಪ್ಲೇಟ್ ಬೆಳಕನ್ನು ಪ್ರತಿಫಲಿಸುವುದರಿಂದ ರಾತ್ರಿ ನಿಮ್ಮ ಹೆಡ್‌ಲೈಟಿಗೆ ಬರೀ ಬಿಳಿ ಪಟ್ಟಿಯಾಗಿ ಕಾಣುತ್ತದೆ, ಇದರಿಂದ ಸ್ವಲ್ಪ ಸರಿಹೋಗುತ್ತದೆ. ಬೀಜ್ ಬಣ್ಣದ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಗಾಜಿನಲ್ಲಿ ಬೀಳುತ್ತಿದ್ದರೆ ಅದನ್ನು ತಗ್ಗಿಸುವ ಸಿಪಿಎಲ್ ಫಿಲ್ಟರ್ ಬೇಕು, ಅದು ಹಾಕಲು ಬರುವ ಕ್ಯಾಮೆರಾ ಆಗಿದ್ದರೆ. ಆನ್ ಆದಾಗ ಬರುವ ಧ್ವನಿಯನ್ನು ಕಿರಿಕಿರಿ ಎಂದು ಆಫ್ ಮಾಡಬೇಡಿ, ಸ್ಕ್ರೀನ್ ಇಲ್ಲದ ಕ್ಯಾಮೆರಾ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೊಂದೇ ಗುರುತು. ಜಿಪಿಎಸ್ ಇದ್ದರೆ ವೇಗದ ಮುದ್ರೆ ಹಾಕಬೇಕೋ ಬೇಡವೋ ನೀವೇ ಯೋಚಿಸಿ: ಎದುರಿನವನ ತಪ್ಪಿನ ಜೊತೆ ನಿಮ್ಮ 95ರ ವೇಗವೂ ದಾಖಲಾಗುತ್ತದೆ. ಜಿಪಿಎಸ್ ಇಲ್ಲದ್ದರಲ್ಲಿ ಗಡಿಯಾರ ಹಿಂದುಮುಂದಾಗುವುದರಿಂದ ಆಗಾಗ ಆ್ಯಪ್ ತೆರೆದು ಸಮಯ ಹೊಂದಿಸಿ.

ಡಿಕ್ಕಿಯಾದ ಮೇಲೆ

ಮೊದಲು ಎಮರ್ಜೆನ್ಸಿ ಬಟನ್ ಇದ್ದರೆ ಒತ್ತಿ, ಆಮೇಲೆ ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆದಿಡಿ. ಹಾಗೇ ಓಡಿಸುತ್ತಾ ಹೋದರೆ ಲಾಕ್ ಆಗದ ಫೈಲ್ ಮೇಲೆ ಹೊಸದು ಬರೆದುಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ ಕುಗ್ಗಿ ಪ್ಲೇಟ್ ಅಳಿಸಿಹೋಗಿರುತ್ತದೆ. ಇನ್ಶೂರೆನ್ಸ್ ಸರ್ವೇಯರಿಗೆ ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ಕೊಡಿ. ಮಾತು ಕೋರ್ಟಿಗೆ ಹೋಗುವಂತಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದನ್ನು ನೀವು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲಿನ ಬೆರಳಚ್ಚಿನಂಥದ್ದು) ಅದರಲ್ಲಿರಬೇಕು. ವಿಡಿಯೋವನ್ನು ಕತ್ತರಿಸಿದರೆ, ಮೇಲೆ ಬಾಣದ ಗುರುತು ಹಾಕಿ ಸೇವ್ ಮಾಡಿದರೆ ಆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ನಕಲು ಮಾಡಿಕೊಂಡು ಬೇಕಾದ್ದನ್ನು ಅದರಲ್ಲಿ ಮಾಡಿ, ಕಾರ್ಡನ್ನು ಹಾಗೇ ಒಂದು ಕವರಿನಲ್ಲಿಟ್ಟು, ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿ.