‘ಪ್ರಸಾದ ಆಯ್ತೇ?’: ಸಿದ್ಧಗಂಗಾ ಮಠದ ದಾಸೋಹದಲ್ಲಿ ಒಂದು ಮಧ್ಯಾಹ್ನ

ತುಮಕೂರಿನ ಕ್ಯಾತ್ಸಂದ್ರದ ಬಳಿಯಿರುವ ಸಿದ್ಧಗಂಗಾ ಮಠಕ್ಕೆ ತಾಯಿಯವರೊಂದಿಗೆ ಹೋಗಿದ್ದಾಗ ಸಿಕ್ಕವರೆಲ್ಲ ಕೇಳಿದ್ದು ‘ಪ್ರಸಾದ ಆಯ್ತೇ?’ ಎಂದೇ ಹೊರತು, ‘ಊಟ ಆಯ್ತೇ?’ ಎಂದು ಒಬ್ಬರೂ ಕೇಳಲಿಲ್ಲ. ಆ ಪದ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದರಿಂದ, ಅಲ್ಲಿನ ದಾಸೋಹದ ಬಗ್ಗೆ ಬರೆಯಹೊರಟ ಈ ಅಭಿಪ್ರಾಯದಲ್ಲಿ ರುಚಿಗಿಂತ ಮಾತಿನ ವಿಚಾರವೇ ಹೆಚ್ಚಾಗಿದೆ.

ಅಂದು ಬಡಿಸಿದ್ದು ರಾಗಿ ಮುದ್ದೆ, ಸೊಪ್ಪಿನ ಸಾರು, ಅನ್ನ ಮತ್ತು ಮಜ್ಜಿಗೆ. ಮುದ್ದೆಯಲ್ಲಿ ಗಂಟಿರಲಿಲ್ಲ, ಸಾರು ಹಬೆಯಾಡುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಒಂದಗುಳನ್ನೂ ಬಿಡದೆ ಉಂಡು, ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು ಆ ನೀರನ್ನೂ ಕುಡಿದರು. ನಾನು ನೋಡುತ್ತಿದ್ದುದನ್ನು ಗಮನಿಸಿ, ‘ಪ್ರಸಾದ ಕಣಪ್ಪಾ, ಚೆಲ್ಲಬಾರದು’ ಎಂದರು. ಲಿಂಗಾಯತ ಸಂಪ್ರದಾಯದಲ್ಲಿ ಭಕ್ತನನ್ನು ಕಾಯುವ ಎಂಟು ಆವರಣಗಳಾದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂದು, ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲವೆಂದು ಓದಿ ತಿಳಿದಿದ್ದ ನನಗೆ, ಆ ಓದಿನಲ್ಲಿ ದಕ್ಕದಿದ್ದುದು ಅವರ ಬೆರಳಿನಲ್ಲಿ ಕಂಡಿತು.

ನಿಘಂಟಿನಲ್ಲಿ ಈ ಪದಕ್ಕೆ ಅನುಗ್ರಹ, ನೈವೇದ್ಯದ ಶೇಷ ಎಂಬ ಅರ್ಥಗಳಿವೆ, ಅವು ತಪ್ಪಲ್ಲ. ಆದರೆ ನಮ್ಮದೇ ನಾಡಿನ ಗುಡಿಗಳಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದಾಗ ‘ಪ್ರಸಾದವಾಯಿತು’ ಎನ್ನುತ್ತಾರೆ. ಅಲ್ಲಿ ಪ್ರಸಾದವೆಂದರೆ ಕೇಳಿಕೊಂಡದ್ದಕ್ಕೆ ದೇವರಿತ್ತ ಉತ್ತರ. ಮಠದ ಕಟ್ಟಡವೊಂದರ ಮೇಲೆ ‘ಉಚಿತ ಪ್ರಸಾದ ನಿಲಯ’ ಎಂದು ಬರೆದಿದ್ದರೆ ಅದು ವಿದ್ಯಾರ್ಥಿಗಳ ವಸತಿಗೃಹ. ಯಾವ ಅರ್ಥವೆಂದು ಗೊಂದಲಪಟ್ಟವರನ್ನು ನಾನು ಕಂಡಿಲ್ಲ, ಏಕೆಂದರೆ ಅಲ್ಲಿ ಸೇರಿದವರೆಲ್ಲ ಕೂಡಿ ಮಾಡುವ ಆಚರಣೆಯೇ ಅರ್ಥವನ್ನು ತೋರಿಸಿಕೊಡುತ್ತದೆ.

ಹಿಂದೊಮ್ಮೆ ಆನ್‌ಲೈನ್ ಸೇವೆಯೊಂದರಿಂದ ಪ್ರಸಾದ ತರಿಸಿದ್ದೆ. ಪೆಟ್ಟಿಗೆ ಅಂದವಾಗಿತ್ತು, ಲಾಡು ಮಾತ್ರ ಪುಡಿಯಾಗಿತ್ತು. ತಾಯಿಯವರು ‘ಯಾರು ಕೊಟ್ಟರು?’ ಎಂದು ಕೇಳಿದಾಗ ‘ಕೊರಿಯರ್‌ನವರು’ ಎನ್ನಬೇಕಾಯಿತು. ಅವರು ಅದನ್ನು ದೀಪದ ಮುಂದಿಟ್ಟು, ನಮಸ್ಕರಿಸಿ, ಅಕ್ಕಪಕ್ಕದ ಮನೆಗಳಿಗೆ ಹಂಚಿದ ಮೇಲೆಯೇ ತಾವು ಬಾಯಿಗಿಟ್ಟರು. ಸೇವೆಯವರು ಕಳುಹಿಸಿದ್ದು ಲಾಡು, ಅದನ್ನು ಪ್ರಸಾದವಾಗಿಸಿದವರು ತಾಯಿ ಎಂದೇ ನಾನು ನಂಬಿದ್ದೇನೆ.

ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಸರೆಗಳ ತ್ರಿವಿಧ ದಾಸೋಹವನ್ನು ದಶಕಗಳ ಕಾಲ ನಡೆಸಿದ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಅವರ ಇಚ್ಛೆಯಂತೆ ಮಕ್ಕಳ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತು. ಆ ಪದಕ್ಕೆ ಅಲ್ಲಿ ಎಷ್ಟು ತೂಕವಿದೆ ಎಂಬುದನ್ನು ನನಗೆ ಇದಕ್ಕಿಂತ ಸ್ಪಷ್ಟವಾಗಿ ಯಾವ ವ್ಯಾಖ್ಯಾನವೂ ತಿಳಿಸಿಲ್ಲ.

ಹೋಗುವವರು ಮಧ್ಯಾಹ್ನದ ಹೊತ್ತಿಗೆ ತಲುಪಿ, ಬೇಕಾದಷ್ಟನ್ನೇ ಹಾಕಿಸಿಕೊಂಡು ಉಣ್ಣಿ. ಸಾಧ್ಯವಾದರೆ ಸಂಜೆಯವರೆಗೆ ಉಳಿದು, ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಒಂದೇ ದನಿಯಲ್ಲಿ ಮಾಡುವ ಸಾಮೂಹಿಕ ಪ್ರಾರ್ಥನೆಯನ್ನೂ ಕೇಳಿ ಬನ್ನಿ.